ಸೆಲ್ಫ್ ಹೊಡೆಯೋ ಮುಂಚೆ ಸ್ಪ್ಯಾನರ್ ಹಿಡೀರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಂದು ನಾಲ್ಕು ಸಿಲಿಂಡರ್, ಎರಡು ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಇರೋ ಪೆಟ್ರೋಲ್ ಇಂಜಿನ್. ಪೂರ್ತಿ ಬಿಚ್ಚಿ ರಿಂಗ್ಸು, ಬೇರಿಂಗು ಎಲ್ಲಾ ಹೊಸದು ಹಾಕಿ ಮತ್ತೆ ಜೋಡಿಸ್ತಿದೀನಿ. ಕ್ಯಾಮ್ ಎರಡೂ ಕೂರಿಸಿ ಚೈನ್ ಹಾಕಿದೆ, ಈಗ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತ್ಬಿಡುತ್ತೆ. ಹೊಸ ರಿಂಗ್ ಅಲ್ವಾ ಟೈಟ್ ಇರುತ್ತೆ, ಸೆಲ್ಫ್ ಹೊಡಿ ಬಿಟ್ಕೊಳ್ಳುತ್ತೆ ಅಂತಾನೆ ಫ್ರೆಂಡು. ಹೊಡೀಲಾ?

ಉತ್ತರ: ಬೇಡ! ಮೊದ್ಲು ಬ್ಯಾಟರಿ ಕನೆಕ್ಷನ್ ತೆಗೆದಿಡಿ, ಫ್ರೆಂಡ್ ಕೈ ಸುಮ್ನಿರಲ್ಲ. ಹೊಸ ರಿಂಗಿನ ಬಿಗಿ ಸುತ್ತು ಪೂರ್ತಿ ಇರುತ್ತೆ, ಒಂದೇ ಜಾಗಕ್ಕೆ ಬಂದು ನಿಲ್ಲಿಸಲ್ಲ. ಪ್ಲಗ್ ಎಲ್ಲಾ ಬಿಚ್ಚಿ (ಇಲ್ಲಾಂದ್ರೆ ಕಂಪ್ರೆಷನ್ ಯಾವ್ದು, ತಡೆ ಯಾವ್ದು ಗೊತ್ತಾಗಲ್ಲ) ಸ್ಪ್ಯಾನರ್ ನಿಧಾನಕ್ಕೆ ಎಳೀರಿ. ಲೋಬಿನ (ಕ್ಯಾಮ್ ಮೇಲಿನ ಉಬ್ಬು) ಮೂತಿ ವಾಲ್ವ್ ಸ್ಪ್ರಿಂಗ್ ಒತ್ತುವಾಗ ಕೈಗೆ ಭಾರ ಬರುತ್ತೆ, ಮೂತಿ ದಾಟಿದ ತಕ್ಷಣ ಸ್ಪ್ಯಾನರ್ ತಾನೇ ಮುಂದಕ್ಕೆ ಜಿಗಿಯುತ್ತೆ, ಅದು ಸರಿಯಾಗೇ ಇದೆ ಅಂತ ಅರ್ಥ. ಆದ್ರೆ ಟಕ್ ಅಂತ ಗೋಡೆಗೆ ಬಡಿದ ಹಾಗೆ ನಿಂತ್ರೆ ಅಲ್ಲಿ ಪಿಸ್ಟನ್ ತಲೆಗೆ ವಾಲ್ವ್ ತಾಗ್ತಿದೆ ಅಂತಲೇ ಅನುಮಾನ ಪಡ್ಬೇಕು. ಸೆಲ್ಫ್ ಮೋಟಾರಿಗೆ ಅದೆಲ್ಲ ಗೊತ್ತಾಗಲ್ಲ, ವಾಲ್ವ್ ಬೆಂಡ್ ಮಾಡಿಯೇ ಬಿಡುತ್ತೆ.

ಹೆಚ್ಚಿನ ಸಲ ಇದಕ್ಕೆ ಕಾರಣ ಚೈನ್ ಹಲ್ಲು ತಪ್ಪಿರೋದು. ಕ್ರ್ಯಾಂಕ್ ಎರಡು ಸುತ್ತು ಹೋದ್ರೆ ಕ್ಯಾಮ್ ಒಂದು ಸುತ್ತು, ಹಾಗಾಗಿ ಕ್ಯಾಮ್ ಸ್ಪ್ರಾಕೆಟ್ಟಿಗೆ 40 ಹಲ್ಲಿದ್ರೆ ಒಂದು ಹಲ್ಲು ತಪ್ಪಿದ್ರೂ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ಆಚೀಚೆ ಆಯ್ತು, ಕಡಿಮೆ ಏನಲ್ಲ. ಸ್ಪ್ರಾಕೆಟ್ ಮೇಲಿನ ಟೈಮಿಂಗ್ ಮಾರ್ಕ್ ಕೂಡಿಸುವಾಗ ಸರಿಯಾಗೇ ಕಾಣುತ್ತೆ, ಆದ್ರೆ ಟೆನ್ಷನರ್ (ಚೈನ್ ಬಿಗಿ ಹಿಡಿಯೋ ಭಾಗ) ಇಲ್ಲದ ಕಡೆ ಚೈನ್ ಸಡಿಲ ಉಳಿದಿದ್ರೆ ಟೆನ್ಷನರ್ ಬಿಟ್ಟ ಮೇಲೆ ಕ್ಯಾಮ್ ಅಷ್ಟು ಹಿಂದಕ್ಕೆ ಉಳ್ಕೊಳ್ಳುತ್ತೆ. ಸಡಿಲ ಎಲ್ಲಾ ಟೆನ್ಷನರ್ ಕಡೆಗೇ ಬರ್ಬೇಕು.

ಈಗ ಚೈನ್ ತೆಗೀರಿ. ನಿಮ್ಮ ಥರದ ನಾಲ್ಕು ಸಿಲಿಂಡರ್ ಇಂಜಿನಲ್ಲಿ ಕ್ರ್ಯಾಂಕನ್ನ ಟಿಡಿಸಿಯಿಂದ (ಒಂದನೇ ಪಿಸ್ಟನ್ ತೀರಾ ಮೇಲಿರೋ ಜಾಗ) 90 ಡಿಗ್ರಿ ಹಿಂದಕ್ಕೆ ತಂದ್ರೆ ನಾಲ್ಕೂ ಪಿಸ್ಟನ್ ಸಿಲಿಂಡರಿನ ನಡುವೆ ಎಲ್ಲೋ ಇರುತ್ತೆ, ಆಗ ಕ್ಯಾಮ್ ಹೆಂಗೆ ತಿರುಗಿಸಿದ್ರೂ ವಾಲ್ವ್ ಪಿಸ್ಟನ್ನಿಗೆ ತಾಗಲ್ಲ. ಎರಡೂ ಕ್ಯಾಮ್ ಮಾರ್ಕಿಗೆ ತಂದು ಆಮೇಲೆ ಕ್ರ್ಯಾಂಕನ್ನ ಅದೇ ದಾರೀಲಿ ಟಿಡಿಸಿಗೆ ವಾಪಸ್ ತನ್ನಿ, ಸುತ್ತಿ ಬಳಸಿ ಬೇಡ. ಚೈನ್ ಹಾಕಿ ಟೆನ್ಷನರ್ ಬಿಟ್ಟು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಮಾರ್ಕ್ ನೋಡಿ. ಇಲ್ಲಿ ಸುಮಾರು ಜನ ಗಾಬರಿ ಬೀಳ್ತಾರೆ, ಚೈನಿನ ಬಣ್ಣದ ಕೊಂಡಿ ಮಾರ್ಕಿಗೆ ಬರ್ತಿಲ್ಲ ಅಂತ. ಅದು ಬರಲ್ಲ ರೀ, ಆ ಕೊಂಡಿ ಜೋಡಿಸುವಾಗ ಮಾತ್ರ ಬೇಕು, ತಿರುಗಿಸಿದ ಮೇಲೆ ಸ್ಪ್ರಾಕೆಟ್ ಮಾರ್ಕ್ ಕೂಡಿದ್ರೆ ಸಾಕು.

ಇಷ್ಟಾದ್ಮೇಲೂ ನಿಂತ್ರೆ ಇನ್‌ಟೇಕ್ ಕ್ಯಾಮ್, ಎಕ್ಸಾಸ್ಟ್ ಕ್ಯಾಮ್ ಅದಲು ಬದಲಾಗಿದೆಯಾ ನೋಡಿ, ಪ್ಲಗ್ ಹೋಲಲ್ಲಿ ಟಾರ್ಚ್ ಬಿಟ್ಟು ನಟ್ಟು ಗಿಟ್ಟು ಬಿದ್ದಿದೆಯಾ ಅಂತಲೂ ನೋಡಿ (ನಗಬೇಡಿ, ಬೀಳುತ್ತೆ).

ಕ್ಯಾಮ್ ಮತ್ತೆ ಬಿಚ್ಚೋ ಪ್ರಸಂಗ ಬಂದ್ರೆ ಬೇರಿಂಗ್ ಕ್ಯಾಪ್ ವಿಷ್ಯದಲ್ಲಿ ಹುಷಾರು. ಕ್ಯಾಪ್ ಕೂರಿಸಿಯೇ ಹೆಡ್ಡಿನ ಜೊತೆ ಬೋರ್ ಹೊಡೆದಿರ್ತಾರೆ, ಅದಕ್ಕೇ ನಂಬರ್ರು, ಬಾಣದ ಗುರುತು ಇರೋದು, ಒಂದರ ಜಾಗಕ್ಕೆ ಇನ್ನೊಂದು ಹಾಕಂಗಿಲ್ಲ. ಮ್ಯಾನ್ಯುಅಲಲ್ಲಿ ಕೊಟ್ಟ ಕ್ರಮದಲ್ಲಿ, ಅದು ಸಾಮಾನ್ಯವಾಗಿ ನಡುವಿಂದ ಹೊರಗಡೆಗೆ ಇರುತ್ತೆ, ಒಂದೊಂದು ಬೋಲ್ಟಿಗೂ ಅರ್ಧರ್ಧ ಸುತ್ತು ಕೊಡ್ತಾ ಹೋಗಿ, ಕ್ಯಾಮ್ ಮಟ್ಟವಾಗಿ ಕೆಳಗಿಳೀಬೇಕು. ಒಂದು ತುದಿ ಮೊದ್ಲೇ ಬಿಗಿದ್ರೆ ಇನ್ನೊಂದು ತುದಿ ಸ್ಪ್ರಿಂಗ್ ಒತ್ತಡಕ್ಕೆ ಮೇಲೆದ್ದು ಕ್ಯಾಮೇ ಮುರಿದ್ರೂ ಮುರೀಬಹುದು. ಸಣ್ಣ ಬೋಲ್ಟುಗಳು ಅವು, ಅಂದಾಜಿಗೆ ಬಿಗೀಬೇಡಿ, ಟಾರ್ಕ್ ರೆಂಚ್ ಇಟ್ಕೊಳ್ಳಿ.

ಪ್ರಶ್ನೆ: ಹಳೇ ಪುಶ್‌ರಾಡ್ ಇಂಜಿನ್ನಿಗೆ (ಕ್ಯಾಮ್ ಬ್ಲಾಕಲ್ಲಿದ್ದು ಕಡ್ಡಿಯಿಂದ ವಾಲ್ವ್ ತೆರೆಯೋದು) ಹೊಸ ಕ್ಯಾಮ್ ತಂದಿದೀನಿ. ಹಳೇ ಟ್ಯಾಪೆಟ್ (ಲೋಬಿನ ಮೇಲೆ ಕೂತು ಆ ಕಡ್ಡಿ ತಳ್ಳೋ ತುಂಡು) ಚೆನ್ನಾಗೇ ಕಾಣ್ತಿದೆ, ಅದೇ ಹಾಕ್ಬಹುದಾ?

ಉತ್ತರ: ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್ ಆದ್ರೆ ಹಾಕ್ಬೇಡಿ, ಹೊಸ ಸೆಟ್ಟೇ ತರಿಸಿ. ಚಪ್ಪಟೆ ಅಂತಾರೆ ಅಷ್ಟೇ, ಅದರ ತಳ ಸ್ವಲ್ಪ ಉಬ್ಬಿರುತ್ತೆ, ಲೋಬ್ ಸ್ವಲ್ಪ ಓರೆ ಇರುತ್ತೆ, ಅದರಿಂದಲೇ ಟ್ಯಾಪೆಟ್ ಓಡುವಾಗ ತಿರುಗ್ತಾ ಇರೋದು. ಹಳೇದು ಹಳೇ ಲೋಬಿಗೆ ತಕ್ಕಂತೆ ಸವೆದಿರುತ್ತೆ, ಹೊಸ ಲೋಬ್ ಮೇಲೆ ತಿರುಗದೆ ಕೂತ್ರೆ ಲೋಬನ್ನ ಉಜ್ಜಿ ಹಾಕ್ಬಿಡುತ್ತೆ. ಕ್ಯಾಮಿನ ಮುಂದಿನ ತುದಿಗೆ ಉದ್ದದ ಬೋಲ್ಟ್ ಹಾಕ್ಕೊಂಡು ಅದನ್ನೇ ಹಿಡಿ ಮಾಡಿ ನಿಧಾನಕ್ಕೆ ತಿರುಗಿಸ್ತಾ ತಳ್ಳಿ, ಲೋಬಿನ ಅಂಚು ಬ್ಲಾಕಿನ ಬೇರಿಂಗ್ ಗೀರಬಾರ್ದು. ಅಸೆಂಬ್ಲಿ ಪೇಸ್ಟ್ ಲೋಬಿಗೆ, ಟ್ಯಾಪೆಟ್ ತಳಕ್ಕೆ ಹಚ್ಚಿ; ಜರ್ನಲ್ಲಿಗೆ (ಬೇರಿಂಗಲ್ಲಿ ತಿರುಗೋ ಭಾಗ) ಇಂಜಿನ್ ಆಯಿಲ್. ಸ್ಟಾರ್ಟ್ ಮಾಡೋ ಮುಂಚೆ ಆಯಿಲ್ ಪಂಪ್ ಪ್ರೈಮ್ ಮಾಡಿ (ಪಂಪಿಗೆ ಆಯಿಲ್ ತುಂಬಿಸಿ), ಕೂಲೆಂಟ್ ತುಂಬಿ, ಇಗ್ನಿಷನ್ ಟೈಮಿಂಗ್ ಇಟ್ಟಿರಿ, ಸೆಲ್ಫ್ ಹೊಡೀತಾನೇ ಇದ್ರೆ ಪೇಸ್ಟ್ ಅಳಿಸಿ ಹೋಗುತ್ತೆ. ಹಿಡೀತಿದ್ದ ಹಾಗೆ 2000 ಆರ್‌ಪಿಎಂ ದಾಟಿಸಿ 20 ನಿಮಿಷವಾದ್ರೂ ಏರಿಸ್ತಾ ಇಳಿಸ್ತಾ ಓಡಿಸಿ, ಐಡಲ್ಲಿಗೆ ಬಿಡ್ಬೇಡಿ, ಲೋಬಿಗೆ ಆಯಿಲ್ ಬೀಳೋದು ಕ್ರ್ಯಾಂಕ್ ಎರಚಿದ್ರಿಂದಾನೇ. ಜಿಂಕ್ ಇರೋ ಬ್ರೇಕ್ ಇನ್ (ಹೊಸ ಭಾಗ ಪಳಗಿಸೋ) ಆಯಿಲ್ ತಗೊಳ್ಳಿ.

ಪ್ರಶ್ನೆ: ಕ್ರ್ಯಾಂಕ್, ಕ್ಯಾಮ್ ಎರಡೂ ಸ್ಪ್ರಾಕೆಟ್ಟಿನ ಚುಕ್ಕೆ ಎದುರುಬದುರು ಇಟ್ಟು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚೋದು) ಒಂದನೇ ಸಿಲಿಂಡರಿಗೆ ಕೂರಿಸಿದೆ. ಸ್ಟಾರ್ಟ್ ಆಗಲ್ಲ, ಕಾರ್ಬೊರೇಟರಲ್ಲಿ ಢಂ ಅನ್ನುತ್ತೆ. ಕ್ಯಾಮ್ ತಪ್ಪಾಯ್ತಾ?

ಉತ್ತರ: ಕ್ಯಾಮ್ ಸರಿ ಇರ್ಬಹುದು. ಕ್ಯಾಮ್ ಒಂದು ಸುತ್ತು ಹೋಗೋದ್ರಲ್ಲಿ ಒಂದನೇ ಪಿಸ್ಟನ್ ಮೇಲಕ್ಕೆ ಎರಡು ಸಲ ಬರುತ್ತೆ, ಸ್ಪಾರ್ಕ್ ಬೇಕಿರೋದು ಕಂಪ್ರೆಷನ್ ಆದಾಗ, ಆದ್ರೆ ಎಷ್ಟೋ ಇಂಜಿನ್ನಲ್ಲಿ ಚುಕ್ಕೆ ಎದುರುಬದುರಾದಾಗ ಅದು ಎಕ್ಸಾಸ್ಟ್ ಮುಗಿಸಿ ಬಂದಿರುತ್ತೆ. ಒಂದನೇ ಪ್ಲಗ್ ಬಿಚ್ಚಿ ಹೋಲಿಗೆ ಹೆಬ್ಬೆರಳಿಟ್ಟು ಕ್ರ್ಯಾಂಕ್ ತಿರುಗಿಸಿ, ಗಾಳಿ ಬೆರಳನ್ನ ತಳ್ಳಿದ ಮೇಲೆ ಪುಲ್ಲಿ ಮಾರ್ಕ್ ಕೂಡಿಸಿ, ಆಗ ರೋಟರ್ (ಡಿಸ್ಟ್ರಿಬ್ಯೂಟರ್ ಒಳಗೆ ತಿರುಗೋ ಮುಳ್ಳು) ಒಂದನೇ ವೈರ್ ಕಡೆ ನೋಡ್ಬೇಕು. ಎದುರು ದಿಕ್ಕಿಗೆ ನೋಡ್ತಿದ್ರೆ ಡಿಸ್ಟ್ರಿಬ್ಯೂಟರ್ ಎತ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಿ, ಟೈಮಿಂಗ್ ಕವರ್ ಬಿಚ್ಚೋ ಕೆಲ್ಸ ಇಲ್ಲ.