ಏಳು ದಿನಕ್ಕೆ ಹತ್ತು ಊರು ಬೇಡ ಮೇಷ್ಟ್ರೇ

(ಮೈಸೂರಿನಲ್ಲಿ 26 ವರ್ಷ ಟೂರಿಸ್ಟ್ ಟ್ಯಾಕ್ಸಿ ಓಡಿಸಿ, ಈಗ ಗಾಡಿಯನ್ನು ಮಗನ ಕೈಗೆ ಕೊಟ್ಟಿರುವ ನಮ್ಮ ಅಂಕಣಕಾರರು ಓದುಗರ ಪ್ರವಾಸದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನಾನು ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಡಿಸೆಂಬರ್‌ನಲ್ಲಿ ಏಳು ದಿನ ಬಿಡುವು ಮಾಡಿಕೊಂಡು ಮನೆಯವರೆಲ್ಲ ಕಾರಿನಲ್ಲಿ ಹೊರಡಬೇಕು ಅಂತಿದ್ದೇವೆ. ನಾನು, ಹೆಂಡತಿ, 13 ಮತ್ತು 9 ವರ್ಷದ ಇಬ್ಬರು ಮಕ್ಕಳು, 72 ವರ್ಷದ ನನ್ನ ತಾಯಿ. ಅವರಿಗೆ ಮಂಡಿನೋವು. ಚಿಕ್ಕವನಿಗೆ ಘಾಟಿಯಲ್ಲಿ ವಾಂತಿ. ಮಕ್ಕಳಿಗೆ ಸಫಾರಿ ಆಗಬೇಕು, ಹೆಂಡತಿಗೆ ಅರಮನೆ, ಅಮ್ಮನಿಗೆ ಸಮುದ್ರ ಮತ್ತು ಉಡುಪಿ ಕೃಷ್ಣ. ಮೈಸೂರು, ಬಂಡೀಪುರ, ಕಬಿನಿ, ನಾಗರಹೊಳೆ, ಮಡಿಕೇರಿ, ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ, ದಾಂಡೇಲಿ ಅಂತ ಪಟ್ಟಿ ಮಾಡಿದ್ದೇನೆ. ಓಡಿಸುವವನು ನಾನೊಬ್ಬನೇ. ಆಗುತ್ತಾ?

ಉತ್ತರ: ಆಗುತ್ತೆ ಮೇಷ್ಟ್ರೇ. ಆದರೆ ನೀವು ನೋಡುವುದು ರಸ್ತೆಯನ್ನು ಮಾತ್ರ. ನಿಮ್ಮ ತಾಯಿ ನೋಡುವುದು ಮುಂದಿನ ಸೀಟಿನ ಬೆನ್ನನ್ನು.

ಮೊದಲು ಪಟ್ಟಿಗೆ ಕೆಂಪು ಪೆನ್ನು ಹಿಡಿಯೋಣ, ನಿಮಗೆ ಅಭ್ಯಾಸ ಇರುವ ಕೆಲಸವೇ ಅಲ್ವಾ? ದಾಂಡೇಲಿ ಬಿಡಿ. ಅಲ್ಲಿಂದ ತುಮಕೂರಿಗೆ 400 ಕಿ.ಮೀ.ಗೂ ಜಾಸ್ತಿ. ಏಳನೇ ದಿನ ಸುಸ್ತಾದ ಒಬ್ಬನೇ ಡ್ರೈವರ್ ಅಷ್ಟು ದೂರ ಓಡಿಸುವುದು ನನಗೆ ಇಷ್ಟವಿಲ್ಲ. ಗೋಕರ್ಣ, ಮುರುಡೇಶ್ವರವನ್ನೂ ಬಿಡಿ, ಅದಕ್ಕೆ ಇನ್ನೊಂದು ರಜೆ ಇಟ್ಟುಕೊಳ್ಳಿ. ಇನ್ನು ಬಂಡೀಪುರ, ಕಬಿನಿ, ನಾಗರಹೊಳೆ ಅಂತ ಮೂರು ಕಾಡು ಬರೆದಿದ್ದೀರಿ. ಅದು ಒಂದೇ ಕಾಡು. ಕಬಿನಿ ಹೊಳೆಯ ಈಚೆ ಬಂಡೀಪುರ, ಆಚೆ ನಾಗರಹೊಳೆ. ಆನೆಗೆ ಆ ಗಡಿ ಗೊತ್ತಿಲ್ಲ. ಮೂರು ಕಡೆ ಒಂದೊಂದು ಸಫಾರಿ ಮಾಡುವ ಬದಲು ಒಂದೇ ಕಡೆ ಎರಡು ಸಫಾರಿ ಮಾಡಿ.

ಯಾವ ಕಡೆ? ಕಬಿನಿ ಹಿನ್ನೀರಿನ ದಂಡೆಯಲ್ಲಿ ಆನೆ ಹಿಂಡು ಮೇಯುವ ಫೋಟೋ ನೋಡಿರುತ್ತೀರಿ. ಅದು ಬೇಸಿಗೆಯ ದೃಶ್ಯ. ಮಾರ್ಚ್‌ನಿಂದ ಮೇವರೆಗೆ ನೀರು ಇಳಿದು, ದಂಡೆಯಲ್ಲಿ ಹಸಿರು ಹುಲ್ಲು ಎದ್ದಾಗ ಆನೆಗಳು ಅಲ್ಲಿ ಸೇರುತ್ತವೆ. ಡಿಸೆಂಬರ್‌ನಲ್ಲಿ ಕಾಡಿನೊಳಗೇ ಎಲ್ಲ ಕಡೆ ನೀರಿರುತ್ತೆ, ಪ್ರಾಣಿಗಳು ಚದುರಿರುತ್ತವೆ. ಆ ಫೋಟೋ ನಂಬಿಕೊಂಡು ಕಬಿನಿಯ ರೆಸಾರ್ಟ್ ಬಾಡಿಗೆ ಕೊಡುವುದು ನಿಮ್ಮ ಸಂಬಳದಲ್ಲಿ ಬೇಡ. ಬಂಡೀಪುರಕ್ಕೆ ಹೋಗಿ. ಗುಂಡ್ಲುಪೇಟೆಯಲ್ಲಿ ಸಾಧಾರಣ ಲಾಡ್ಜ್ ಸಿಗುತ್ತೆ. ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ಅರಣ್ಯ ಇಲಾಖೆಯ ಬಸ್ಸೂ ಇದೆ, ಜೀಪೂ ಇದೆ. ಬಸ್ಸೇ ಸಾಕು. ಅದು ಎತ್ತರ, ನಿಮ್ಮ ತಾಯಿಗೆ ಕಿಟಕಿಯಲ್ಲಿ ಚೆನ್ನಾಗಿ ಕಾಣುತ್ತೆ, ಜೀಪಿನಷ್ಟು ಕುಲುಕುವುದೂ ಇಲ್ಲ.

ಒಂದು ಎಚ್ಚರಿಕೆ. ರೂಮಿಗೆ ದುಡ್ಡು ಕಟ್ಟುವ ಮೊದಲು ಸಫಾರಿ ನಡೆಯುತ್ತಿದೆಯಾ ಅಂತ ಕೇಳಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಎರಡು ಕಡೆಯೂ ಸರ್ಕಾರ ಸಫಾರಿಯನ್ನೇ ನಿಲ್ಲಿಸಿಬಿಟ್ಟಿತು. ಎಷ್ಟೋ ಪಾರ್ಟಿಗಳು ರೂಮಿಗೆ ಮುಂಗಡ ಕೊಟ್ಟು ಕೂತಿದ್ದರು.

ಈಗ ನನ್ನ ಲೆಕ್ಕ ಹೇಳುತ್ತೇನೆ. ಎಲ್ಲರೂ ಕಿಲೋಮೀಟರ್ ಹಿಡಿದು ಟ್ರಿಪ್ ಕಟ್ಟುತ್ತಾರೆ. ನಾನು ಕಟ್ಟುವುದು ಯಾವುದು ಯಾವಾಗ ಮುಚ್ಚುತ್ತೆ ಅನ್ನುವುದನ್ನು ಹಿಡಿದು. ಇದನ್ನು ನನಗೆ ಕಲಿಸಿದ್ದು ಕೇರಳದ ಕಡೆಯ ಮುತ್ತಂಗ ಚೆಕ್‌ಪೋಸ್ಟ್. ಬಂಡೀಪುರದ ಕಾಡು ಹಾದು ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ, ಗೊತ್ತಲ್ಲ. ಅದು ಬಂದ ಹೊಸತು. ಕೋಯಿಕ್ಕೋಡಿನಿಂದ ಒಂದು ಪಾರ್ಟಿ ಕರೆದುಕೊಂಡು ಬರುತ್ತಿದ್ದೆ. ಗಂಡ, ಹೆಂಡತಿ, ಎಂಟು ತಿಂಗಳ ಮಗು. ಸುಲ್ತಾನ್ ಬತ್ತೇರಿ ಹತ್ತಿರ ಹಿಂದಿನ ಟೈರ್ ಪಂಚರ್. ಸ್ಟೆಪ್ನಿ ಹಾಕಿ, ಓಡಿಸಿಕೊಂಡು ಬಂದರೆ ಒಂಬತ್ತು ಹತ್ತು. ಗೇಟ್ ಬಿದ್ದಿತ್ತು. ಗಾರ್ಡ್ ಹತ್ತಿರ ಮಲಯಾಳಂ, ಕನ್ನಡ ಎರಡರಲ್ಲೂ ಬೇಡಿಕೊಂಡೆ. ಆತ ವಾಚ್ ತೋರಿಸಿದ, ಅಷ್ಟೇ. ರಾತ್ರಿಯೆಲ್ಲ ಕಾರಿನಲ್ಲೇ. ಮಗು ಹಸಿದು ಅಳುತ್ತೆ, ಹಾಲಿನ ಪುಡಿ ಇದೆ, ಬಿಸಿನೀರಿಲ್ಲ. ಮುಂದೆ ನಿಂತಿದ್ದ ತರಕಾರಿ ಲಾರಿಯ ಡ್ರೈವರ್ ಕ್ಯಾಬಿನ್ನಿನಿಂದ ಸೀಮೆಎಣ್ಣೆ ಸ್ಟವ್ ಇಳಿಸಿ, ಲಾರಿಯ ಮರೆಯಲ್ಲಿ ಹಚ್ಚಿ ನೀರು ಕಾಯಿಸಿ ಕೊಟ್ಟ. ಬೆಳಿಗ್ಗೆ ಆರಕ್ಕೆ ಗೇಟ್ ಎತ್ತಿದಾಗ ನನ್ನ ಪಾರ್ಟಿ ನನ್ನ ಜೊತೆ ಮಾತು ಬಿಟ್ಟಿತ್ತು. ಆದರೂ ಆ ಗೇಟ್ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ಮುಂಚೆ ಆ ರಸ್ತೆಯಲ್ಲಿ ರಾತ್ರಿ ಗಾಡಿಗೆ ಸಿಕ್ಕಿ ಬಿದ್ದಿರುತ್ತಿದ್ದ ಜಿಂಕೆಗಳನ್ನು ನೋಡಿದವನು ನಾನು.

ಹಾಗಾಗಿ ನೀವು ಭಾನುವಾರ ಬೆಳಿಗ್ಗೆ ಹೊರಡಬೇಕು. ಯಾಕೆ ಭಾನುವಾರ? ಮೈಸೂರು ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ ಏಳಕ್ಕೆ. ಮತ್ತೆ ಮೃಗಾಲಯಕ್ಕೆ ಮಂಗಳವಾರ ರಜೆ. ಶನಿವಾರ ಹೊರಟು ಕಾಡಿಗೆ ಹೋಗಿ ಮಂಗಳವಾರ ಮೈಸೂರಿಗೆ ಬಂದರೆ ದೀಪವೂ ಇಲ್ಲ, ಜಿರಾಫೆಯೂ ಇಲ್ಲ. ಭಾನುವಾರ ಹೊರಟರೆ ಕಾಡಿನ ದಿನಗಳು ವಾರದ ನಡುವೆ ಬೀಳುತ್ತವೆ, ಬೆಂಗಳೂರಿನ ಜನ ಕಡಿಮೆ.

ಭಾನುವಾರ: ಕುಣಿಗಲ್, ಮದ್ದೂರು ಮೇಲೆ ಬನ್ನಿ. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋದರೆ ನಿಮಗೆ ನೀವೇ ಉತ್ತರ ಹೇಳಿಕೊಳ್ಳಬೇಕು. ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ನೋಡಿ. ಅದು ಮರದ ಮನೆ, ಗೋಡೆ ತುಂಬ ಯುದ್ಧದ ಚಿತ್ರ, ಮಕ್ಕಳಿಗೆ ಪಾಠಕ್ಕಿಂತ ಜಾಸ್ತಿ ನೆನಪಿರುತ್ತೆ. ಮೈಸೂರಿನಲ್ಲಿ ಊಟ ಮಾಡಿ, ತಾಯಿಯವರನ್ನು ಮಲಗಲು ಬಿಡಿ. ನೀವು ನಾಲ್ವರು ಅರಮನೆಯ ಒಳಗೆ ಹೋಗಿ ಬನ್ನಿ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಮೆಟ್ಟಿಲು ಹತ್ತಬೇಕು, ಅದಕ್ಕೇ ಅಮ್ಮನಿಗೆ ಸಂಜೆ ಸಾಕು ಅಂದೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಹೋಯಿತು. ಈಗಿರುವುದು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯದ್ದು, 1912ರಲ್ಲಿ ಮುಗಿದದ್ದು.

ಏಳಕ್ಕೆ ಹತ್ತು ನಿಮಿಷ ಇರುವಾಗಲೇ ತಾಯಿಯವರನ್ನು ಅಂಗಳದಲ್ಲಿ ಕೂರಿಸಿ. ಕತ್ತಲಲ್ಲಿ ಅರಮನೆ ಒಂದು ಕಪ್ಪು ಗುಡ್ಡದ ಹಾಗೆ ಇರುತ್ತೆ. ಜನ ಮೊಬೈಲ್ ಎತ್ತಿ ಹಿಡಿದು ನಿಂತಿರುತ್ತಾರೆ. ದೀಪ ಒಂದೊಂದಾಗಿ ಹತ್ತುವುದಿಲ್ಲ, ಹತ್ತಿರ ಹತ್ತಿರ ಲಕ್ಷ ಬಲ್ಬು ಒಂದೇ ಸಲ. ಆಗ ಸಾವಿರಾರು ಬಾಯಿಂದ ಒಂದು 'ಹೋ' ಬರುತ್ತೆ. ನಾನು ನೂರಾರು ಸಲ ಹೋಗಿದ್ದೇನೆ, ಕೊನೆಕೊನೆಗೆ ಅರಮನೆ ನೋಡುವುದು ಬಿಟ್ಟು ಆ ಮುಖಗಳನ್ನೇ ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆಯೇ ಮೃಗಾಲಯ. 1892ರದ್ದು, ಮರದ ನೆರಳು ಚೆನ್ನಾಗಿದೆ, ಬ್ಯಾಟರಿ ಗಾಡಿ ಇದೆ, ಮಂಡಿನೋವಿನವರಿಗೆ ತೊಂದರೆ ಇಲ್ಲ. ಆಮೇಲೆ ದೇವರಾಜ ಮಾರ್ಕೆಟ್‌ನಲ್ಲಿ ಒಂದು ಸುತ್ತು. ಮೂರು ಗಂಟೆಯೊಳಗೆ ಮೈಸೂರು ಬಿಟ್ಟರೆ ನಂಜನಗೂಡಿನಲ್ಲಿ ದೇವಸ್ಥಾನ ನೋಡಿಕೊಂಡು ಬೆಳಕಿರುವಾಗಲೇ ಗುಂಡ್ಲುಪೇಟೆ ಸೇರುತ್ತೀರಿ.

ಮಂಗಳವಾರ ಪೂರ್ತಿ ಕಾಡಿಗೆ. ಬೆಳಗಿನ ಸಫಾರಿಗೆ ಸ್ವೆಟರ್, ಟೋಪಿ, ತಾಯಿಗೆ ಶಾಲು. ಬಸ್ಸು ಓಡುವಾಗ ಡಿಸೆಂಬರಿನ ಗಾಳಿ ಕಿವಿ ಕತ್ತರಿಸುತ್ತೆ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಹುಲಿ ಕಾಣಲೇಬೇಕು ಅಂತ ಏನಿಲ್ಲ. 2022ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 563 ಹುಲಿ ಇದ್ದವು. ಆದರೆ ಪಾರ್ಟಿಗಳ ಜೊತೆ ನಾನು ಹೋದ ಅಷ್ಟೂ ಸಫಾರಿಯಲ್ಲಿ ಕಂಡದ್ದು ಒಂಬತ್ತೇ ಸಲ. ಕಾಣುವುದಕ್ಕಿಂತ ಕೇಳುವುದು ಕಲಿಸಿ. ಡ್ರೈವರ್ ಎಂಜಿನ್ ನಿಲ್ಲಿಸಿದರೆ ಎಲ್ಲರೂ ಸುಮ್ನೆ ಕೂರಬೇಕು. ಮರದ ಮೇಲಿನ ಮುಸುವ ಒಂದೇ ಕಡೆ ನೋಡಿಕೊಂಡು ಕೆಮ್ಮಿದ ಹಾಗೆ ಕೂಗುತ್ತೆ. ಕೆಳಗೆ ಜಿಂಕೆ ಬಾಲ ಎತ್ತಿ, ಮುಂಗಾಲಿನಿಂದ ನೆಲ ಗುದ್ದುತ್ತೆ. ಅಂದರೆ ಲಂಟಾನದ ಪೊದೆ ಹಿಂದೆ ಯಾರೋ ಇದ್ದಾರೆ ಅಂತ. ಆ ಐದು ನಿಮಿಷ ಉಸಿರು ಬಿಗಿಹಿಡಿದು ಕೂತದ್ದು ಇದೆಯಲ್ಲ, ಆಮೇಲೆ ಹುಲಿ ಬರಲಿಲ್ಲ ಅಂದರೂ ನನಗೆ ಬೇಜಾರಾಗಿಲ್ಲ.

ಮಧ್ಯಾಹ್ನದ ಸಫಾರಿಗೆ ಮುಂಚೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನಿಮ್ಮ ಕಾರನ್ನು ಬುಡದಲ್ಲೇ ನಿಲ್ಲಿಸಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಇದಕ್ಕೆ ಬೈಯುವವರು ಬಹಳ ಜನ. ನಿಮಗೆ ಒಳ್ಳೆಯದೇ ಆಯಿತು, ಆ ತಿರುವುಗಳನ್ನು ಬೇರೆ ಯಾರೋ ಓಡಿಸುತ್ತಾರೆ.

ಬುಧವಾರ ಮಡಿಕೇರಿಗೆ. ಇಲ್ಲಿ ಫೋನಿನ ಮ್ಯಾಪ್ ನಂಬಬೇಡಿ. ಅದು ಹತ್ತಿರದ ದಾರಿ ಅಂತ ನಾಗರಹೊಳೆಯ ಒಳಗೆ ತಳ್ಳಬಹುದು. ಆ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತೆ, ಬಂಡೀಪುರದ ಹಾಗೆ 9ಕ್ಕಲ್ಲ. ವಾಪಸ್ ಮೈಸೂರಿಗೆ ಬಂದು ರಿಂಗ್ ರೋಡ್ ಹಿಡಿದು ಹುಣಸೂರು, ಪಿರಿಯಾಪಟ್ಟಣದ ಮೇಲೆ ಹೋಗಿ. ಸುತ್ತು ಅನಿಸುತ್ತೆ, ಆದರೆ ಒಳ್ಳೆಯ ರಸ್ತೆ, ಒಟ್ಟು 180 ಕಿ.ಮೀ. ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರ ಸುವರ್ಣ ದೇವಾಲಯಕ್ಕೆ ಒಂದು ಗಂಟೆ ಕೊಡಿ.

ಗುರುವಾರ ಸಂಪಾಜೆ ಘಾಟಿ. ಚಿಕ್ಕವನಿಗೆ ಬೆಳಿಗ್ಗೆ ಎರಡು ಇಡ್ಲಿ ಸಾಕು, ಹಾಲು ಬೇಡ. ಮುಂದೆ ಕೂರಿಸಿ, ಕಿಟಕಿ ಇಳಿಸಿ, ಕೈಗೆ ಮೊಬೈಲ್ ಕೊಡಬೇಡಿ. ವಾಂತಿ ಅರ್ಧ ಬರುವುದು ಆ ಮೊಬೈಲಿನಿಂದ, ಇನ್ನರ್ಧ ಬರುವುದು ಅಪ್ಪ ಬ್ರೇಕ್ ಹಾಕುವ ರೀತಿಯಿಂದ. ಇಳಿಯುವಾಗ ಗೇರ್ ಮೇಲೆ ಇಳಿಯಿರಿ, ಬ್ರೇಕ್ ಮೇಲಲ್ಲ. ಸುಳ್ಯ, ಪುತ್ತೂರು ದಾಟಿ ಮಂಗಳೂರಿನಲ್ಲಿ ಊಟ. ಮೀನು ತಿನ್ನುವವರಾದರೆ ನಾನು ಹೇಳಬೇಕಾಗಿಲ್ಲ, ತಿನ್ನದವರಾದರೆ ನೀರುದೋಸೆ, ಗೋಳಿಬಜೆ. ಸಂಜೆ ಉಡುಪಿಗೆ ಹೋಗುವ ದಾರಿಯಲ್ಲೇ ಕಾಪು ಕಡಲತೀರ. 1901ರ ದೀಪಸ್ತಂಭ ಅಲ್ಲಿದೆ. ಮಕ್ಕಳು ಹತ್ತಲಿ, ಅಮ್ಮ ಕೆಳಗೆ ಮರಳಿನಲ್ಲಿ ಕಾಲು ಚಾಚಿ ಕೂರಲಿ.

ಶುಕ್ರವಾರ ಕೃಷ್ಣಮಠಕ್ಕೆ ಬೆಳಿಗ್ಗೆ ಬೇಗ ಹೋಗಿ, ಗಂಡಸರು ಅಂಗಿ ತೆಗೆಯಬೇಕು. ಆಮೇಲೆ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಲಾವಾ ತಣ್ಣಗಾಗಿ ಸೀಳಿ, ಆರು ಮೂಲೆಯ ಕಂಬಗಳ ಹಾಗೆ ನಿಂತ ಕಲ್ಲುಗಳು. ನಿಮ್ಮ 13 ವರ್ಷದವರಿಗೆ ಇದನ್ನು ತೋರಿಸಲೇಬೇಕು. ಅಮ್ಮನನ್ನು ಮಾತ್ರ ಕರೆದುಕೊಂಡು ಹೋಗಬೇಡಿ. ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಬೇಕಾಗುತ್ತೆ, ಅಲೆಗೆ ಎರಡೂ ಅಲುಗುತ್ತವೆ. ನಿಮ್ಮಲ್ಲಿ ಒಬ್ಬರು ಅವರ ಜೊತೆ ಮಲ್ಪೆಯ ದಡದಲ್ಲೇ ಇರಿ.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟು ಬೆಳ್ತಂಗಡಿ, ಚಾರ್ಮಾಡಿ. ಘಾಟಿ ಹತ್ತಿದ ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಅಲ್ಲಿಂದ ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು. ರಸ್ತೆಯೇ ನಿಮ್ಮ ತುಮಕೂರಿಗೆ ತಂದು ಬಿಡುತ್ತೆ. ಬೇಲೂರಿನಲ್ಲಿ ಕಾಲು ಚಾಚಲು ಇಳಿಯಿರಿ, ದೇವಸ್ಥಾನಕ್ಕೆ ಒಂದು ಗಂಟೆ ಸಾಲದು ಅಂತ ಗೊತ್ತು, ಆದರೂ.

ಪ್ರಶ್ನೆ: ನಾವು ನಾಲ್ಕು ಜನ ಕಾಲೇಜು ಹುಡುಗರು. ಬೆಂಗಳೂರಿನಿಂದ ಎರಡು ಬೈಕಿನಲ್ಲಿ ಮೈಸೂರು, ಬಂಡೀಪುರ ನೋಡಿ ಊಟಿಗೆ ಹೋಗಬಹುದಾ?

ಉತ್ತರ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ಬೇಜಾರು ಬೇಡ, ತಟ್ಟೆ ಇಡ್ಲಿ ಇರುವುದು ಸರ್ವಿಸ್ ರಸ್ತೆಯಲ್ಲೇ. ಬಂಡೀಪುರದ ರಸ್ತೆಯಲ್ಲಿ ಬೈಕ್ ಹೋಗಬಹುದು. ಆದರೆ ಆನೆ ರಸ್ತೆ ದಾಟುವಾಗ ಕಾರಿನವನಿಗೆ ನಾಲ್ಕು ಬಾಗಿಲು ಇರುತ್ತೆ, ನಿಮಗೆ ಹೆಲ್ಮೆಟ್ ಇರುತ್ತೆ. ದೂರದಲ್ಲೇ ನಿಲ್ಲಿಸಿ. ಹಾರ್ನ್ ಹೊಡೆಯಬೇಡಿ, ಎಂಜಿನ್ ರೊಯ್ಯೆನಿಸಬೇಡಿ, ಮುಂದಿನ ಲಾರಿ ಹೊರಟ ಮೇಲೆ ಅದರ ಹಿಂದೆಯೇ ಹೊರಡಿ. ಕಾಡಿನಲ್ಲಿ ಸೆಲ್ಫಿಗೆ ನಿಂತರೆ ದಂಡ ಹಾಕುತ್ತಾರೆ, ನನ್ನ ಪ್ರಕಾರ ಅದು ಕಡಿಮೆಯೇ ಆಯಿತು.

ಪ್ರಶ್ನೆ: ಇದೇ ಪ್ರವಾಸವನ್ನು ಜೂನ್–ಜುಲೈಯಲ್ಲಿ ಮಾಡಿದರೆ ಹೇಗೆ? ರೂಮ್ ಅಗ್ಗ ಅಂತಾರೆ.

ಉತ್ತರ: ಅಗ್ಗ ಯಾಕೆ ಅಂತ ಕೇಳಿದಿರಾ? ಮಲ್ಪೆಯ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಮಡಿಕೇರಿಯಲ್ಲಿ ಮೂರು ಅಡಿ ಮುಂದೆ ಕಾಣುವುದಿಲ್ಲ. ಸಂಪಾಜೆ ಕಡೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಹೋಗಿತ್ತು. ಮೈಸೂರಿನಲ್ಲಿ ಎರಡು ದಿನ ಇದ್ದು, ಗುಂಡ್ಲುಪೇಟೆ ಕಡೆ ಹೊಲದಲ್ಲಿ ಸೂರ್ಯಕಾಂತಿ ಅರಳಿದ್ದರೆ ನೋಡಿಕೊಂಡು ವಾಪಸ್ ಬನ್ನಿ. ಹೊಲದವರನ್ನು ಕೇಳಿ ಇಳಿಯಿರಿ. ಫೋಟೋಕ್ಕೆ ಹತ್ತಿಪ್ಪತ್ತು ರೂಪಾಯಿ ಕೇಳಿದರೆ ಚೌಕಾಸಿ ಮಾಡಬೇಡಿ, ನೀವು ತುಳಿದ ಗಿಡ ಅವರದ್ದು.