ಒಂದು ಐದಾ, ಐದು ಸೊನ್ನೆನಾ?

(ಪತ್ರ ಬರೆದವರು ಸಕಲೇಶಪುರ ಕಡೆಯ ಸರ್ಕಾರಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್. ಹೆಸರು ಹಾಕಬೇಡಿ ಅಂದಿದ್ದಾರೆ. ಎರಡು ವರ್ಷದಿಂದ ಎರಡೂ ಕಿವಿ ಮಂದ. ಮಾಸ್ಕ್ ಹಾಕಿಕೊಂಡಿದ್ದ ಡಾಕ್ಟರು ‘ಫಿಫ್ಟೀನ್’ ಅಂದದ್ದು ಇವರಿಗೆ ‘ಫಿಫ್ಟಿ’ ಅಂತ ಕೇಳಿಸಿತಂತೆ. ಪಕ್ಕದಲ್ಲಿದ್ದ ಸಿಸ್ಟರ್ ತಡೆದರು. ‘ಕಿವಿ ಮಷೀನ್ ಹಾಕಿದರೆ ಕೆಲಸ ಹೋಗುತ್ತಾ? ಹೀಗೇ ನಡೆಸಲಾ?’ ಅನ್ನುವುದು ಪ್ರಶ್ನೆ.)

ಸಿಸ್ಟರ್, ಹೀಗೇ ನಡೆಸಬೇಡಿ. ಕಿವಿ ಮಂದ ಅಂತ ಓದಿದಾಗ ನನಗೆ ಭಯವಾಗಲಿಲ್ಲ. ‘ಕೇಳಿಸದಿದ್ದರೂ ತಲೆಯಾಡಿಸಿಬಿಡುತ್ತೇನೆ’ ಅಂತ ಬರೆದಿದ್ದೀರಲ್ಲ, ಆ ಸಾಲಿಗೆ ಭಯವಾಯಿತು.

ಕೆಲಸದ ಚಿಂತೆ ಬಿಡಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 20ನೇ ಸೆಕ್ಷನ್ ಓದಿಕೊಳ್ಳಿ. ಸರ್ವಿಸ್‌ನಲ್ಲಿದ್ದಾಗ ವೈಕಲ್ಯ ಬಂತು ಅಂತ ಸರ್ಕಾರಿ ನೌಕರರನ್ನು ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗೂ ಇಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಕಿವಿ ಮಂದ. ನಿಮ್ಮದೆಷ್ಟು? ಇನ್ನೂ ಅಳೆಸಿಯೇ ಇಲ್ಲವಲ್ಲ! ದಿನಾ ಬೇರೆಯವರ ಬಿಪಿ ನೋಡುವವರು ನೀವು.

ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಬರೀ ಗುಗ್ಗೆ ಕಟ್ಟಿಕೊಂಡಿದ್ದರೂ ಇರಬಹುದು. ಇಲ್ಲವಾದರೆ ಒಂದು ದಿನ ರಜೆ ಹಾಕಿ, ಹಾಸನದಿಂದ ಹೊಳೆನರಸೀಪುರದ ಮೇಲೆ ಹೋಗುವ ಬಸ್ ಹತ್ತಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಅವರಿಗೆ ಇದೇ ಕೆಲಸ.

ಇನ್ನು ಸ್ಟೆತ್. ಮಷೀನ್ ಹಾಕಿದ ಕಿವಿಗೆ ಮಾಮೂಲಿ ಸ್ಟೆತ್ ತುರುಕಲು ಹೋದರೆ ‘ಕುಂಯ್’ ಅನ್ನುತ್ತದೆ, ನೋವು ಬೇರೆ. ಮಷೀನ್ ಇರುವುದು ಮಾತು ಕೇಳಲು. ಎದೆಬಡಿತ ಅದಕ್ಕಿಂತ ತಗ್ಗಿದ ಸ್ಥಾಯಿಯ ಸದ್ದು. ಸದ್ದು ಹೆಚ್ಚಿಸುವ ಎಲೆಕ್ಟ್ರಾನಿಕ್ ಸ್ಟೆತ್ ಸಿಗುತ್ತದೆ. ಕೆಲವು ಬ್ಲೂಟೂತ್‌ನಲ್ಲಿ ನೇರ ಮಷೀನ್‌ಗೇ ಸದ್ದು ಕಳಿಸುತ್ತವೆ. ಬಿಪಿಗೆ ಡಿಜಿಟಲ್ ಇದ್ದರೆ ಕಿವಿಯೇ ಬೇಡ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಹಾಕಿದ ಮೇಲೆ ಗಾಳಿ ತಳ್ಳಿ, ಹೊಟ್ಟೆ ಮೇಲೆ ಸ್ಟೆತ್ ಇಟ್ಟು ಕೇಳುತ್ತೀರಲ್ಲ, ಅದು ಕಿವಿ ಚುರುಕಿದ್ದವರಿಗೂ ಮೋಸ ಮಾಡುವ ಪರೀಕ್ಷೆ. ಟ್ಯೂಬಿನಿಂದ ಎಳೆದ ರಸದ ಹುಳಿ ನೋಡುವ ಪಿಎಚ್ ಪೇಪರ್, ಎಕ್ಸ್‌ರೇ ಅದಕ್ಕಿಂತ ವಾಸಿ.

ವಾರ್ಡಿನಲ್ಲಿ ‘ಏನಂದ್ರಿ ಸರ್?’ ಅಂತ ಕೇಳಬೇಡಿ. ಅವರು ಅದನ್ನೇ, ಅದೇ ಮಾಸ್ಕಿನೊಳಗಿಂದ ಸ್ವಲ್ಪ ಸಿಡುಕಿ ಹೇಳುತ್ತಾರೆ, ಅಷ್ಟೆ. ‘ಒಂದು ಐದಾ, ಐದು ಸೊನ್ನೆನಾ ಸರ್?’ ಅನ್ನಿ. ಆಮೇಲೆ ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಿ. ಕಿವಿ ಚೆನ್ನಾಗಿರುವ ಸಿಸ್ಟರ್‌ಗಳೂ ಹೀಗೆ ಮಾಡಬೇಕು ಅನ್ನಿ, ಯಾರು ಮಾಡುತ್ತಾರೆ! ಡ್ಯೂಟಿ ಬದಲಾಗುವಾಗ ಬಾಗಿಲ ಹತ್ತಿರ ಗಲಾಟೆಯಲ್ಲಿ ನಿಂತು ವಿಷಯ ತಿಳಿದುಕೊಳ್ಳಬೇಡಿ. ಬೆಳಕಿರುವ ಕಡೆ, ಎದುರುಬದುರು ನಿಲ್ಲಿ. ಇನ್‌ಚಾರ್ಜ್ ಸಿಸ್ಟರ್‌ಗೆ ಈ ವಾರವೇ ಹೇಳಿಬಿಡಿ. ಅವತ್ತು ತಡೆದವರಿಗೆ ಹೇಗೂ ಗೊತ್ತಾಗಿದೆ, ಅಲ್ವಾ?

ಮಷೀನ್ ಬಂದ ಮೇಲೆ ಒಂದು ಮಾತು ನೆನಪಿರಲಿ. ನಿಮ್ಮೂರಿನ ಮಳೆಗಾಲದ ಥಂಡಿ ಅದಕ್ಕೆ ಆಗಿಬರುವುದಿಲ್ಲ. ರಾತ್ರಿ ಬ್ಯಾಟರಿ ತೆಗೆದು, ಮಷೀನನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿಯಾಗಿ ಮುಚ್ಚಿಡಿ.