ಕೆಲಸ ಬಿಡುವಾಗ ‘ಐ ಹ್ಯಾವ್ ಹ್ಯಾಂಡೋವರ್ ದ ಚಾರ್ಜ್’ ಅಂತ ಬರೆಯಬಹುದೇ?

ಬೇಡ. ಕಂಪನಿಗೆ ಕಳಿಸುವ ಕೊನೇ ದಿನದ ಮೇಲ್‌ನಲ್ಲಿ ‘ಐ ಹ್ಯಾವ್ ಹ್ಯಾಂಡೆಡ್ ಓವರ್ ಚಾರ್ಜ್’ ಅಂತ ಬರೆಯಿರಿ. ಕ್ರಿಯಾಪದವಾದಾಗ ಅದು ಎರಡು ಪದ. ಕೂಡಿಸಿ ಬರೆಯುವ ‘ಹ್ಯಾಂಡೋವರ್’ ನಾಮಪದ.

ಜನ ನಿಜವಾಗಿ ಎಡವುವುದು ‘ಆಫ್’, ‘ಟು’ಗಳಲ್ಲಿ. ಮುಂಬೈಯ ಫೋರ್ಟ್‌ನಲ್ಲಿ ಒಂದು ಸರ್ಕಾರಿ ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ, ಅಂದರೆ ನೌಕರರ ವಿಷಯ ನೋಡುವ ವಿಭಾಗದಲ್ಲಿ, ವರ್ಷಗಟ್ಟಲೆ ಚಾರ್ಜ್ ರಿಪೋರ್ಟ್ (ಕೆಲಸ ಒಪ್ಪಿಸಿದ, ವಹಿಸಿಕೊಂಡ ಪತ್ರ) ಟೈಪ್ ಮಾಡಿದವನು ನಾನು. ಹೊಸತರಲ್ಲಿ ‘ಹ್ಯಾಂಡೆಡ್ ಓವರ್ ಚಾರ್ಜ್ ಆಫ್’ ಅಂತ ಹಾಕಿ, ಮುಂದೆ ಹೊಸ ಅಧಿಕಾರಿಯ ಹೆಸರು ಕುಟ್ಟಿಬಿಟ್ಟೆ. ನಮ್ಮ ಸಾಹೇಬರು ಕನ್ನಡಕದ ಮೇಲಿಂದ ನೋಡಿ, ಇವರನ್ನೇ ಪೊಲೀಸರಿಗೆ ಒಪ್ಪಿಸಿದ ಹಾಗಿದೆಯಲ್ಲ ಅಂತ ಮರಾಠಿಯಲ್ಲಿ ನಕ್ಕರು. ಕನ್ನಡದಲ್ಲಿ ಈ ಗೋಜಿಲ್ಲ. ‘ಅವರಿಗೆ ಸೆಕ್ಷನ್ ಒಪ್ಪಿಸಿದೆ’, ‘ಸೆಕ್ಷನ್ ಅವರಿಗೆ ಒಪ್ಪಿಸಿದೆ’, ಹೇಗೆ ತಿರುಗಿಸಿದರೂ ‘ಗೆ’ ಪ್ರತ್ಯಯ ಕಾಯುತ್ತದೆ. ಇಂಗ್ಲಿಷಿನಲ್ಲಿ ಒಪ್ಪಿಸಿದ ಕೆಲಸಕ್ಕೆ ‘ಆಫ್’, ವಹಿಸಿಕೊಂಡವರಿಗೆ ‘ಟು’: ‘ಹ್ಯಾಂಡೆಡ್ ಓವರ್ ಚಾರ್ಜ್ ಆಫ್ ದ ಅಕೌಂಟ್ಸ್ ಸೆಕ್ಷನ್ ಟು’ ಇಂಥವರು. ವಹಿಸಿಕೊಂಡವರು ‘ಟೇಕನ್ ಓವರ್ ಚಾರ್ಜ್’ ಅಂತ ಬರೆದು, ‘ಟು’ ಇದ್ದಲ್ಲಿ ‘ಫ್ರಮ್’ ಹಾಕುತ್ತಾರೆ.

‘ಇಟ್’ ಬಂದರೆ ಅದು ನಡುವೆ ಕೂರಬೇಕು. ‘ಹ್ಯಾಂಡೆಡ್ ಇಟ್ ಓವರ್’ ಸರಿ, ‘ಹ್ಯಾಂಡೆಡ್ ಓವರ್ ಇಟ್’ ತಪ್ಪು.

‘ದ’ ಯಾಕೆ ಬೇಡ? ಜವಾಬ್ದಾರಿ ಎಂಬ ಅರ್ಥದ ‘ಚಾರ್ಜ್’ ಈ ಪ್ರಯೋಗದಲ್ಲಿ ಸಾಮಾನ್ಯವಾಗಿ ಒಂಟಿಯಾಗಿಯೇ ಬರುತ್ತದೆ. ಇದರ ಸೋದರ ಪ್ರಯೋಗವೊಂದರಲ್ಲಂತೂ ‘ದ’ ಸೇರಿದರೆ ಅರ್ಥವೇ ಪಲ್ಟಿ. ನರ್ಸ್ ‘ಇನ್ ಚಾರ್ಜ್ ಆಫ್’ ರೋಗಿ ಅಂದರೆ ನೋಡಿಕೊಳ್ಳುವವಳು ನರ್ಸ್. ರೋಗಿ ‘ಇನ್ ದ ಚಾರ್ಜ್ ಆಫ್’ ನರ್ಸ್ ಅಂದರೆ ನರ್ಸಿನ ಸುಪರ್ದಿಯಲ್ಲಿರುವವನು ರೋಗಿ.

ಸರ್ಕಾರಿ ಕಾಗದವಾದರೆ ತಾರೀಖಿನ ಜೊತೆ ‘ಫೋರ್‌ನೂನ್’ (ಮಧ್ಯಾಹ್ನಕ್ಕೆ ಮುಂಚೆ) ಅಥವಾ ‘ಆಫ್ಟರ್‌ನೂನ್’ ಬರೆಯಲೇಬೇಕು, ಯಾವ ದಿನದಿಂದ ಯಾರಿಗೆ ಸಂಬಳ ಅನ್ನುವ ಲೆಕ್ಕ ಅದರ ಮೇಲೆ ನಿಲ್ಲುತ್ತದೆ. ನಾನು ನಿವೃತ್ತನಾದದ್ದೂ ತಿಂಗಳ ಕೊನೆಯ ದಿನದ ‘ಆಫ್ಟರ್‌ನೂನ್’ನಲ್ಲೇ. ಖಾಸಗಿ ಕಂಪನಿಗೆ ಈ ರಗಳೆ ಇಲ್ಲ.

ಇನ್ನೊಂದು ಮಾತು. ಮೇಲ್ ಅಮೆರಿಕದ ಕ್ಲೈಂಟಿಗೂ ಹೋಗುವುದಾದರೆ ‘ಚಾರ್ಜ್’ ಕೈಬಿಟ್ಟು ‘ಮೈ ವರ್ಕ್’ ಅಥವಾ ‘ಮೈ ರೆಸ್ಪಾನ್ಸಿಬಿಲಿಟೀಸ್’ ಅನ್ನಿ. ‘ಚಾರ್ಜ್ ಕೊಟ್ಟೆ’ ಅನ್ನುವುದು ನಮ್ಮ ಕಚೇರಿಗಳ ಗತ್ತು, ಅಲ್ಲಿನವರಿಗೆ ದುಡ್ಡಿನ ವಿಷಯವೋ ಆರೋಪವೋ ಅನಿಸೀತು. ಏನೇ ಬರೆದರೂ ಲ್ಯಾಪ್‌ಟಾಪ್, ಕೀಲಿಕೈ, ಪಾಸ್‌ವರ್ಡ್ ಯಾರಿಗೆ ಕೊಟ್ಟಿರೋ ಅವರ ಸಹಿ ತೆಗೆದುಕೊಂಡೇ ಮೇಲ್ ಕಳಿಸಿ.